ಹೊಲದಿಂದ ಕೋಣೆಗೆ: ಒಂದು ಹೂವು, ಒಂದು ನೊರಜು

ಗಾಂಜಾ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪತ್ರಿಕೆಯ ಜಿಲ್ಲಾ ಪುಟದ ಒಂದು ಫೋಟೊ. ಮುಂದೆ ಮೂಟೆಗಳು, ಹಿಂದೆ ಸಾಲಾಗಿ ನಿಂತ ಪೊಲೀಸರು, ಪಕ್ಕದಲ್ಲಿ ಮುಖ ಮುಚ್ಚಿಕೊಂಡ ಒಂದಿಬ್ಬರು. ಕಲಬುರಗಿ ಕಡೆಯವರಿಗೆ ಈ ಫೋಟೊ ತೀರಾ ಪರಿಚಿತ. ಆದರೆ ಇವತ್ತು ನಾನು ಹೇಳಹೊರಟಿರುವುದು ಆ ಫೋಟೊದಲ್ಲಿ ಎಂದೂ ಕಾಣಿಸದ ಒಂದು ಹುಳದ ವಿಷಯದಿಂದ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಫಂಗಸ್ ನ್ಯಾಟ್ ಎನ್ನುತ್ತಾರೆ. ನಾವು ನೊರಜು ಅನ್ನೋಣ.

ಹೂಕುಂಡಕ್ಕೆ ನೀರು ಹಾಕುವಾಗ ಮಣ್ಣಿನಿಂದ ಎದ್ದು ಮುಖದ ಸುತ್ತ ಹಾರುವ ಸಣ್ಣ ಕಪ್ಪು ನೊಣ ನೋಡಿದ್ದೀರಲ್ಲ? ಅದೇ ಇದು. ಎರಡರಿಂದ ನಾಲ್ಕು ಮಿಲಿಮೀಟರ್ ಉದ್ದ. ಕಚ್ಚುವುದಿಲ್ಲ. ತೇವದ ಮಣ್ಣಿನ ಮೇಲ್ಪದರದಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಗಾಜಿನಂತೆ ಪಾರದರ್ಶಕ, ತಲೆ ಮಾತ್ರ ಕಪ್ಪು. ಅದು ಮಣ್ಣಲ್ಲಿರುವ ಬೂಸು, ಕೊಳೆತ ಎಲೆ ತಿನ್ನುತ್ತದೆ. ಸಂಖ್ಯೆ ಜಾಸ್ತಿಯಾದರೆ ಎಳೆಬೇರನ್ನೂ ತಿನ್ನುತ್ತದೆ. ಮೊಟ್ಟೆಯಿಂದ ನೊಣದವರೆಗೆ ಮೂರು ನಾಲ್ಕು ವಾರದ ಆಯಸ್ಸು. ಅಣಬೆ ಬೆಳೆಯುವವರಿಗೂ ನರ್ಸರಿಯವರಿಗೂ ಇದು ಹಳೆಯ ಶತ್ರು. ಕೋಣೆಯೊಳಗೆ ಕದ್ದು ಗಾಂಜಾ ಬೆಳೆಯುವವರಿಗಂತೂ, ಅದರಲ್ಲೂ ಗಿಡ ಹೂ ಬಿಟ್ಟಾಗ, ದೊಡ್ಡ ತಲೆನೋವು.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಎರೆ ಭೂಮಿಯಲ್ಲಿ, ಉರಿಬಿಸಿಲಲ್ಲಿ, ಮೇಲಿನ ಮಣ್ಣು ಒಣಗಿ ಬಿರುಕು ಬಿಡುವ ಹೊಲದಲ್ಲಿ ಈ ನೊರಜಿಗೆ ಜಾಗವೇ ಇಲ್ಲ. ಗಾಂಜಾ ಬಿಸಿಲಿನ ಗಿಡ. ಹಾಗಿದ್ದ ಮೇಲೆ ಇವೆರಡೂ ಒಂದೇ ಕುಂಡದಲ್ಲಿ ಭೇಟಿಯಾದದ್ದು ಹೇಗೆ? ಉತ್ತರ ಕೀಟಶಾಸ್ತ್ರಕ್ಕಿಂತ ಹೆಚ್ಚಾಗಿ ಚರಿತ್ರೆಯಲ್ಲಿದೆ. ಆ ಚರಿತ್ರೆಯ ಕೆಲವು ಪುಟಗಳು ಕಲಬುರಗಿ, ಕಮಲಾಪುರದ ಮೇಲೂ ಹಾದುಹೋಗುತ್ತವೆ.

ಮೊದಲು ಗಿಡದ ಸಂಗತಿ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಮತ್ತಿನ ಅಂಶ ಹೆಚ್ಚಾಗಿರುವುದು ಹೆಣ್ಣು ಗಿಡದ ಹೂತೆನೆಯ ಮೇಲಿನ ಅಂಟಿನಲ್ಲಿ. ಗಂಡು ಗಿಡದ ಪರಾಗ ಬಿದ್ದರೆ ಹೂವು ಬೀಜ ಕಟ್ಟತೊಡಗುತ್ತದೆ, ಅಂಟು ಕಡಿಮೆಯಾಗುತ್ತದೆ. ಎಲೆಯಲ್ಲಿ ಮತ್ತು ಕಡಿಮೆ, ಅದು ಭಂಗಿ. ಹೂತೆನೆ ಗಾಂಜಾ. ಈ ಎಲೆ-ಹೂವಿನ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೋರ್ಟಿನವರೆಗೂ ಬರುತ್ತದೆ.

ಬ್ರಿಟಿಷರ ಕಾಲದಲ್ಲಿ ಈ ಬೆಳೆ ಕಾನೂನುಬದ್ಧ. ಬಂಗಾಳದ ನೌಗಾಂವ್ (ಈಗ ಬಾಂಗ್ಲಾದೇಶದಲ್ಲಿದೆ) ಅದರ ದೊಡ್ಡ ಕೇಂದ್ರ. ರೈತ ಲೈಸೆನ್ಸ್ ಪಡೆದು ಬೆಳೆಯಬೇಕು, ಮಾಲು ಸರಕಾರದ ಕಣ್ಣೆದುರಿನ ಗೋದಾಮಿಗೆ ಹೋಗಬೇಕು, ಅಬಕಾರಿ ಸುಂಕ ಕಟ್ಟಬೇಕು. ಅಲ್ಲಿ ಒಂದು ವಿಚಿತ್ರ ಕಸುಬೂ ಇತ್ತು. ಹೂ ಬಿಡುವ ಹೊತ್ತಿಗೆ ಹೊಲದಲ್ಲಿ ಸಾಲು ಸಾಲು ನಡೆದು, ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕುವವನಿಗೆ 'ಪೊದ್ದಾರ್' ಅನ್ನುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳ ಬಾಯಲ್ಲಿ ಅವನು 'ಗಾಂಜಾ ಡಾಕ್ಟರ್'! ಕಲ್ಕತ್ತದ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ 1893ರಲ್ಲಿ ಅಲ್ಲಿಯ ಬೇಸಾಯದ ಬಗ್ಗೆ ಒಂದು ವರದಿಯನ್ನೇ ಬರೆದ. ಅಂದರೆ ಹೂವಿನ ಕಾಲಕ್ಕೆ ಗಿಡಕ್ಕೆ ಏನು ಬೇಕು, ಏನು ಬೇಡ ಎಂಬ ವಿದ್ಯೆ ಆಗ ಬಯಲಲ್ಲಿತ್ತು. ಕೇಳಿದರೆ ಹೇಳುವವರಿದ್ದರು, ಹೇಳಿದ್ದನ್ನು ಬರೆದಿಡುವವರಿದ್ದರು.

ಅದೇ 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಡಬ್ಲ್ಯು. ಎಸ್. ಕೇನ್ ಎಂಬ ಪಾನವಿರೋಧಿ ಸದಸ್ಯ ಪ್ರಶ್ನೆ ಎತ್ತಿದ: ಈ ಗಾಂಜಾ ಭಾರತದ ಜನರನ್ನು ಹಾಳು ಮಾಡುತ್ತಿಲ್ಲವೇ? ಅದರ ಫಲ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಮೂವರು ಭಾರತೀಯರು. ಊರೂರು ತಿರುಗಿ 1193 ಸಾಕ್ಷಿಗಳಿಂದ ಹೇಳಿಕೆ ಪಡೆದರು. ವೈದ್ಯರು, ಕಲೆಕ್ಟರುಗಳು, ಮಿಷನರಿಗಳು, ರೈತರು, ಸಾಧುಗಳು ಯಾರನ್ನೂ ಬಿಡಲಿಲ್ಲ. ಹುಚ್ಚಾಸ್ಪತ್ರೆಗಳ ರಿಜಿಸ್ಟರು ತೆಗೆಸಿ, ಗಾಂಜಾದಿಂದ ಹುಚ್ಚು ಹಿಡಿಯಿತು ಎಂದು ಬರೆದಿದ್ದ ಒಂದೊಂದು ಕೇಸನ್ನೂ ಮತ್ತೆ ತನಿಖೆ ಮಾಡಿದರು. ಎಷ್ಟೋ ಕಡೆ ಆ ಕಾರಣವನ್ನು ಪೊಲೀಸರೋ ಗುಮಾಸ್ತರೋ ಸುಮ್ಮನೆ ತುಂಬಿದ್ದು ಎಂದು ಗೊತ್ತಾಯಿತು. 1894ರ ವರದಿಯ ಸಾರ ಇದು: ಮಿತವಾಗಿ ಬಳಸಿದರೆ ಹೆಚ್ಚಿನ ಹಾನಿ ಕಾಣುವುದಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ, ಲೈಸೆನ್ಸ್ ಮತ್ತು ಸುಂಕದಿಂದ ಹಿಡಿತದಲ್ಲಿಡಿ. ಬ್ರಿಟಿಷರಿಗೆ ಸುಂಕದ ಆಸೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೂ ಒಂದು ಗಿಡದ ಬಗ್ಗೆ ತೀರ್ಮಾನಕ್ಕೆ ಬರುವ ಮುಂಚೆ ಅಷ್ಟು ಜನರನ್ನು ಕೇಳಿದ್ದು ಸಣ್ಣ ಮಾತಲ್ಲ.

ಆಗ ಗುಲಬರ್ಗಾ ನಿಜಾಮರ ಸೀಮೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ಈ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಊರಿನ ಹೆಸರು ಸರಕಾರಿ ದಾಖಲೆಯಲ್ಲಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಈ ಭಾಗದ ಜನರಿಗೆ ಗಾಂಜಾ ಹೊರಗಿನಿಂದ ಬಂದ ವಸ್ತು ಏನಲ್ಲ. ಸುರಪುರ ತಾಲೂಕಿನ ತಿಂಥಣಿಯಲ್ಲಿ, ಮೌನೇಶ್ವರರ ಜಾತ್ರೆಯಲ್ಲಿ ಅದನ್ನು ಪ್ರಸಾದವಾಗಿ ಕೊಡುವ ಪದ್ಧತಿಯ ಬಗ್ಗೆ 2020ರಲ್ಲಿ ಪತ್ರಿಕೆಗಳಲ್ಲಿ ಸಾಕಷ್ಟು ಬಂತು. ತಿಂಥಣಿ ಈಗ ಯಾದಗಿರಿ ಜಿಲ್ಲೆ. ಆ ಜಿಲ್ಲೆ ಹುಟ್ಟುವ ತನಕ ಗುಲಬರ್ಗಾ ಜಿಲ್ಲೆಯೇ. ಅಲ್ಲಿಯ ಸಾಧಕರು ಅದನ್ನು ಚಟ ಎನ್ನುವುದಿಲ್ಲ, ಧ್ಯಾನದ ದಾರಿ ಎನ್ನುತ್ತಾರೆ. ನೀವು ಒಪ್ಪಬಹುದು, ಬಿಡಬಹುದು. ಜಾತ್ರೆಯಲ್ಲಿ ಹಂಚುವ ವಸ್ತುವಿಗೂ ಬಂಕರಿನಲ್ಲಿ ಬಚ್ಚಿಡುವ ವಸ್ತುವಿಗೂ ಸುತ್ತಲಿನ ಬದುಕು ಬೇರೆ ಬೇರೆ ಎಂಬುದನ್ನಂತೂ ಒಪ್ಪಬೇಕು.

ಬಾಗಿಲು ಮುಚ್ಚತೊಡಗಿದ್ದು ದೂರದ ಜಿನೀವಾದಲ್ಲಿ. 1925ರ ಅಫೀಮು ಒಪ್ಪಂದದೊಳಗೆ ಈಜಿಪ್ಟಿನ ಒತ್ತಾಯದಿಂದ ಗಾಂಜಾವನ್ನೂ ಸೇರಿಸಿದರು. 1961ರ ವಿಶ್ವಸಂಸ್ಥೆಯ ಸಿಂಗಲ್ ಕನ್ವೆನ್ಷನ್ ಇನ್ನಷ್ಟು ಬಿಗಿ ಮಾಡಿತು. ಔಷಧಕ್ಕಲ್ಲದ ಬಳಕೆ ನಿಲ್ಲಿಸಲು 25 ವರ್ಷ ಗಡುವು ಕೊಟ್ಟಿತು. ಭಾರತ ಭಂಗಿಯ ಎಲೆಯನ್ನು ಉಳಿಸಿಕೊಂಡು ಹೂವನ್ನು ಬಿಟ್ಟುಕೊಟ್ಟಿತು. 1985ರ ನವೆಂಬರ್ 14ರಿಂದ ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರೆಯಾದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 2022ರ ಆಗಸ್ಟಿನಲ್ಲಿ ನಮ್ಮ ಹೈಕೋರ್ಟ್ ಭಂಗಿ ಇಟ್ಟುಕೊಂಡಿದ್ದವನೊಬ್ಬನಿಗೆ ಜಾಮೀನು ಕೊಡುವಾಗ ಇದೇ ವ್ಯಾಖ್ಯೆಯನ್ನು ಎತ್ತಿಹಿಡಿಯಿತು. ಪೊದ್ದಾರ್ ಹೊಲದಲ್ಲಿ ನೋಡುತ್ತಿದ್ದ ಹೂವನ್ನೇ ಈಗ ನ್ಯಾಯಾಧೀಶರು ಕಾಗದದಲ್ಲಿ ನೋಡುತ್ತಾರೆ. ಒಂದು ವಿಷಯ ಗಮನಿಸಿ. ಜೇಬಲ್ಲಿಟ್ಟುಕೊಂಡವನಿಗೆ ಕಿಲೋ ಲೆಕ್ಕದಲ್ಲಿ ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಎಂದು ವಿಂಗಡಣೆ ಇದೆ: ಒಂದು ಕೆ.ಜಿ.ವರೆಗೆ ಸಣ್ಣದು, 20 ಕೆ.ಜಿ. ದಾಟಿದರೆ ವಾಣಿಜ್ಯ. ಬೆಳೆದವನಿಗೆ ಆ ಲೆಕ್ಕವಿಲ್ಲ. ಗಿಡ ಒಂದಿರಲಿ ನೂರಿರಲಿ, ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಆಗಬಹುದು.

ಹೊಲದ ಬಾಗಿಲು ಮುಚ್ಚಿದ ಮೇಲೆ ಗಿಡ ಅಡಗಿಕೊಳ್ಳಲು ಜಾಗ ಹುಡುಕಿತು. ನಮ್ಮ ಕಡೆ ಸಿಕ್ಕಿದ್ದು ತೊಗರಿ ಹೊಲ. ಆಳೆತ್ತರ ಬೆಳೆಯುವ ತೊಗರಿ ಸಾಲಿನ ನಡುವೆ ನಾಲ್ಕು ಗಾಂಜಾ ಗಿಡ ನಿಂತರೆ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದಿಲ್ಲ. ಎತ್ತರ ಒಂದೇ ಕಾರಣವಲ್ಲ, ಇನ್ನೊಂದು ಹೋಲಿಕೆಯೂ ಇದೆ. ಎರಡೂ ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡಗಳು. ಮಳೆಗಾಲ ಮುಗಿದು ರಾತ್ರಿ ಉದ್ದವಾಗುತ್ತಾ ಬಂದಂತೆ ಎರಡಕ್ಕೂ ಒಳಗಿನಿಂದ ಯಾರೋ ಗಂಟೆ ಬಾರಿಸಿದಂತೆ. ಈ ಗಂಟೆಯ ಗುಟ್ಟು ಮೊದಲು ಸುಳಿವು ಕೊಟ್ಟದ್ದೂ ಇದೇ ಗಿಡದಲ್ಲಿ. ಫ್ರಾನ್ಸಿನ ಜೂಲಿಯನ್ ಟೂರ್ನ್ವಾ 1912ರಲ್ಲಿ ಸೆಣಬಿನ ಜಾತಿಯ ಇದೇ ಗಿಡಕ್ಕೆ ಬೆಳಕು ಕಡಿಮೆ ಮಾಡಿದರೆ ಬೇಗ ಹೂ ಬಿಡುತ್ತದೆ ಎಂದು ಕಂಡ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತಂಬಾಕು, ಸೋಯಾ ಇಟ್ಟುಕೊಂಡು ಆ ತತ್ವವನ್ನು ಖಚಿತಪಡಿಸಿದರು.

ಈಗ ಒಂದೇ ಹೊಲದ ಈ ಎರಡು ಗಿಡಗಳ ಹಣೆಬರಹ ನೋಡಿ. ತೊಗರಿ ಹೂ ಬಿಟ್ಟಾಗ ಕಾಯಿಕೊರಕ ಹುಳು ಬರುತ್ತದೆ. 1997-98ರಲ್ಲಿ ಈ ಭಾಗದಲ್ಲಿ ಅದು ಎಷ್ಟು ಹಾವಳಿ ಮಾಡಿತೆಂದರೆ ಸಾಲ ಮಾಡಿ ಔಷಧಿ ಹೊಡೆದು ಬೆಳೆಯೂ ಇಲ್ಲದೆ ರೈತರು ಪ್ರಾಣ ಕಳೆದುಕೊಂಡರು. ಹುಳಕ್ಕೆ ಔಷಧಿಯೇ ನಾಟುತ್ತಿರಲಿಲ್ಲ. ಆಮೇಲೆ ಹಿಂದಿನವರ ಒಂದು ಉಪಾಯಕ್ಕೆ ಮತ್ತೆ ಜೀವ ಬಂತು: ಗಿಡವನ್ನು ಮೆಲ್ಲಗೆ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಹುಳ ಉದುರಿಸಿ ಆರಿಸುವುದು. ಕೃಷಿ ಸಂಶೋಧನಾ ಕೇಂದ್ರದವರು, ಹೈದರಾಬಾದಿನ ಇಕ್ರಿಸ್ಯಾಟ್‌ನವರು ಅದನ್ನು ಪರೀಕ್ಷಿಸಿ ಸರಿ ಎಂದರು. ಆರಿಸಿದ ಹುಳಗಳಿಂದಲೇ ಹುಳಕ್ಕೆ ರೋಗ ತರುವ ಎನ್‌ಪಿವಿ ವೈರಸ್ ದ್ರಾವಣ ತಯಾರಿಸುವುದನ್ನು ಹಳ್ಳಿಯವರಿಗೆ ಕಲಿಸಿದರು. ಅಜ್ಜನ ತಿಳಿವಳಿಕೆ, ಲ್ಯಾಬಿನ ತಿಳಿವಳಿಕೆ ಎರಡೂ ಹೊಲದ ಬದುವಿನ ಮೇಲೆ ಕೂತು ಮಾತಾಡಿದ ಹಾಗೆ! 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ ಮಾನ್ಯತೆಯೂ ಸಿಕ್ಕಿತು. ಪಕ್ಕದ ಗಾಂಜಾ ಗಿಡಕ್ಕೆ ಹುಳ ಬಿದ್ದರೆ? ಯಾರನ್ನು ಕೇಳುವುದು? ಅದರ ಹೂವಿನ ಕಾಲಕ್ಕೆ ಬರುವವರು ಕೃಷಿ ಅಧಿಕಾರಿಗಳಲ್ಲ, ಪೊಲೀಸರು.

ಪೊಲೀಸರ ಪಾಡೂ ಸುಲಭದ್ದಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶೇಷಾದ್ರಿಪುರಂ ಪೊಲೀಸರು ಒಬ್ಬ ಆಟೋ ಚಾಲಕನ ಬಳಿ ಸಿಕ್ಕ ಎರಡು ಕೆ.ಜಿ. ಗಾಂಜಾದ ದಾರ ಹಿಡಿದು ಹೊರಟರು. ಆ ದಾರ ಅವರನ್ನು ತಂದು ನಿಲ್ಲಿಸಿದ್ದು ನಮ್ಮ ಕಾಳಗಿ ತಾಲೂಕಿನ ತಾಂಡಾ ಬಳಿಯ ಒಂದು ಕುರಿ ಫಾರಂನಲ್ಲಿ. ನೆಲದಡಿಯ ಗುಂಡಿಯಲ್ಲಿ 1350 ಕೆ.ಜಿ.ಗೂ ಹೆಚ್ಚು ಮಾಲು. ಒಡಿಶಾದಿಂದ ತರಕಾರಿ ಲಾರಿಯಲ್ಲಿ ಬಂದದ್ದು ಎಂದು ಪೊಲೀಸರು ಹೇಳಿದರು. ತಮ್ಮ ಸರಹದ್ದಿನಲ್ಲಿ ಇಷ್ಟು ಮಾಲು ಇದ್ದದ್ದಕ್ಕೆ ಸ್ಥಳೀಯ ಪೊಲೀಸರಲ್ಲಿ ಕೆಲವರು ಅಮಾನತಾದರು.

ಎರಡು ವರ್ಷದ ನಂತರ ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸಿಗುವ ಈ ಊರು ಕೆಂಪು ಬಾಳೆಗೆ ಹೆಸರುವಾಸಿ. ಅದಕ್ಕೂ ಜಿಐ ಮಾನ್ಯತೆ ಇದೆ. 2022ರ ಸೆಪ್ಟೆಂಬರ್ 23ರ ರಾತ್ರಿ ಕಮಲಾಪುರದ ಸಿಪಿಐ ಶ್ರೀಮಂತ ಇಲ್ಲಾಳ ತಮ್ಮ ಸಿಬ್ಬಂದಿಯೊಂದಿಗೆ ಗಾಂಜಾ ಪ್ರಕರಣವೊಂದರ ಜಾಡು ಹಿಡಿದು ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಹೊಲವೊಂದಕ್ಕೆ ಹೋದರು. ಕತ್ತಲಲ್ಲಿ ಹತ್ತಾರು ಜನ ಅವರ ಮೇಲೆ ಬಿದ್ದರು. ಇಲ್ಲಾಳರಿಗೆ ತಲೆಗೆ, ಎದೆಗೆ ಮಾರಣಾಂತಿಕ ಪೆಟ್ಟು. ಕಲಬುರಗಿಯ ಆಸ್ಪತ್ರೆಯಿಂದ ಏರ್ ಆ್ಯಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ಯಬೇಕಾಯಿತು. ಜಿಲ್ಲೆಗೆ ಜಿಲ್ಲೆಯೇ ಉಸಿರು ಬಿಗಿಹಿಡಿದು ಕಾಯಿತು. ಅವರು ಬದುಕಿ ಬಂದರು. ಒಂದು ಕಾಲಕ್ಕೆ ಲೈಸೆನ್ಸ್ ಕಾಗದ ಹಿಡಿದ ಅಬಕಾರಿ ಗುಮಾಸ್ತ ಹಗಲಲ್ಲಿ ಹೋಗಿ ಗಿಡ ಎಣಿಸಿ ಬರುತ್ತಿದ್ದ ಬೆಳೆಗೆ, ಈಗ ಒಬ್ಬ ಅಧಿಕಾರಿ ರಾತ್ರಿಯಲ್ಲಿ ಪ್ರಾಣ ಪಣಕ್ಕಿಟ್ಟು ಹೋಗಬೇಕು.

ಹೊಲದಲ್ಲಿ ಅಡಗುವುದು ಇಷ್ಟು ಅಪಾಯವಾದಾಗ ಗಿಡ ಮನೆಯೊಳಕ್ಕೆ ಬಂತು. ಇದು ಮೊದಲು ಆದದ್ದು ಅಮೆರಿಕದಲ್ಲಿ. 1970-80ರ ದಶಕಗಳಲ್ಲಿ ಹೆಲಿಕಾಪ್ಟರುಗಳು ಹೊಲದ ಮೇಲೆ ಹಾರತೊಡಗಿದಂತೆ ಬೆಳೆಯುವವರು ನೆಲಮಾಳಿಗೆ ಸೇರಿದರು. ಸೂರ್ಯನ ಬದಲು ಸೋಡಿಯಂ ದೀಪ. ಟೂರ್ನ್ವಾ ಕಂಡ ಸೂತ್ರ ಇಲ್ಲಿ ಟೈಮರ್ ಸ್ವಿಚ್ಚಾಯಿತು: ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು ಕೊಟ್ಟರೆ ಗಿಡಕ್ಕೆ ಜೂನ್ ತಿಂಗಳಲ್ಲೂ ನವೆಂಬರ್ ಬಂದಂತೆ ಭ್ರಮೆ. ಈ ವಿದ್ಯೆ ಕರ್ನಾಟಕಕ್ಕೂ ಬಂತು. 2021ರಲ್ಲಿ ಬಿಡದಿ ಬಳಿಯ ವಿಲ್ಲಾವೊಂದರಲ್ಲಿ ದೀಪ ಹಾಕಿ ಬೆಳೆಯುತ್ತಿದ್ದವರನ್ನು ಬೆಂಗಳೂರಿನ ಸಿಸಿಬಿ ಹಿಡಿಯಿತು. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಫ್ಯಾನು, ದೀಪ, ಟೆಂಟು ಕಟ್ಟಿ ಬೆಳೆಸಿದ್ದಕ್ಕೆ ಸಿಕ್ಕಿಬಿದ್ದವರು ವೈದ್ಯಕೀಯ ವಿದ್ಯಾರ್ಥಿಗಳು! 2024ರ ನವೆಂಬರಿನಲ್ಲಿ ಬೆಂಗಳೂರಿನ ದಂಪತಿ ಬಾಲ್ಕನಿಯ ಕುಂಡಗಳ ಫೋಟೊವನ್ನು ತಾವೇ ಫೇಸ್‌ಬುಕ್ಕಿಗೆ ಹಾಕಿ ಪೊಲೀಸರಿಗೆ ದಾರಿ ತೋರಿಸಿದರು.

ಮುಚ್ಚಿದ ಕೋಣೆ, ಕುಂಡದಲ್ಲಿ ತೆಂಗಿನ ನಾರಿನ ಪುಡಿ, ದಿನವೂ ನೀರು, ಬಿಸಿಲಿಲ್ಲ, ಗಾಳಿ ಕಮ್ಮಿ, ಪಕ್ಷಿಗಳಿಲ್ಲ, ಜೇಡವಿಲ್ಲ. ನಮ್ಮ ನೊರಜಿಗೆ ಇದಕ್ಕಿಂತ ಸ್ವರ್ಗ ಬೇಕೆ? ಅಲ್ಲಿಗೆ ಎರಡೂ ಭೇಟಿಯಾದವು. ಅದು ಹೂವಿನ ಕಾಲವಾದರೆ ಪೇಚು ಇಮ್ಮಡಿ. ಹೂತೆನೆಯ ಅಂಟಿಗೆ ನೊಣ ಮೆತ್ತಿಕೊಂಡು ಸಾಯುತ್ತದೆ. ಔಷಧಿ ಹೊಡೆಯುವಂತಿಲ್ಲ, ಆ ಹೂವನ್ನು ಯಾರೂ ತೊಳೆಯುವುದಿಲ್ಲ, ಸುಟ್ಟು ನೇರ ಶ್ವಾಸಕೋಶಕ್ಕೆ ಎಳೆಯುತ್ತಾರೆ. ಕೀಟನಾಶಕ ಬಿದ್ದಿದ್ದರೆ ಅದೂ ಹೊಗೆಯ ಜೊತೆ ಒಳಗೆ. ಗಾಂಜಾ ಕಾನೂನುಬದ್ಧವಾಗಿರುವ ಕೆನಡಾದಲ್ಲಿ, ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಾರುವ ಮುಂಚೆ ಕೀಟನಾಶಕದ ಉಳಿಕೆಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಬೇಕು. ಕದ್ದು ಬೆಳೆಯುವಲ್ಲಿ ಯಾವ ಲ್ಯಾಬು, ಯಾವ ಪರೀಕ್ಷೆ? ಬೆಳೆದವನು ಏನು ಹೊಡೆದ ಎಂಬುದು ಸೇದುವವನಿಗೆ ಗೊತ್ತಾಗುವುದೇ ಇಲ್ಲ.

ಹಾಗೆ ನೋಡಿದರೆ ನೊರಜಿಗೆ ವಿಷವೇ ಬೇಕಿಲ್ಲ. ತುಳಸಿಗೋ ಮಲ್ಲಿಗೆಗೋ ಬಂದರೆ ಮೇಲಿನ ಮಣ್ಣು ಒಣಗಲು ಬಿಟ್ಟು ನೀರು ಹಾಕುವುದು, ನೊಣಕ್ಕೆ ಹಳದಿ ಅಂಟುಹಾಳೆ ಸಿಕ್ಕಿಸುವುದು, ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧಕ್ಕೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಚರಿತ್ರೆಯೂ ಸೊಗಸು. ಬಿಟಿ ಎಂಬ ಮೂಲ ಬ್ಯಾಕ್ಟೀರಿಯಾ 1901ರಲ್ಲಿ ಪತ್ತೆಯಾದದ್ದು ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳದಲ್ಲಿ. ಅದರ ಇಸ್ರೇಲಿ ಸೋದರ ಬಿಟಿಐ ಸಿಕ್ಕಿದ್ದು 1976ರಲ್ಲಿ, ನೆಗೆವ್ ಮರುಭೂಮಿಯ ಒಂದು ಕೊಚ್ಚೆ ಹೊಂಡದಲ್ಲಿ, ಸತ್ತ ಸೊಳ್ಳೆಮರಿಗಳ ನಡುವೆ. ಅದು ಸೊಳ್ಳೆ ಮತ್ತು ನೊರಜಿನಂಥವುಗಳ ಮರಿಗಳ ಹೊಟ್ಟೆ ಕೆಡಿಸುತ್ತದೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ. ನಮ್ಮಲ್ಲಿ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವೂ ಸೊಳ್ಳೆಗಾಗಿ ಇದರ ಮೇಲೆ ಕೆಲಸ ಮಾಡಿದೆ. ಕೊಚ್ಚೆ ಹೊಂಡದಲ್ಲಿ ಸಿಕ್ಕ ತಿಳಿವಳಿಕೆ ಇಷ್ಟು ದೂರ ಬಂದದ್ದು ಅದನ್ನು ಯಾರೂ ಬಚ್ಚಿಡಲಿಲ್ಲವಾದ್ದರಿಂದ.

ಇಷ್ಟೆಲ್ಲ ಓದಿ 'ಹಾಗಾದರೆ ಗಾಂಜಾ ಬಿಟ್ಟುಬಿಡಬೇಕು ಅಂತೀಯಾ?' ಎಂದು ಕೇಳುವವರಿದ್ದೀರಿ. ನಾನು ಹಾಗೆ ಹೇಳಿಲ್ಲ. ಹದಿಹರೆಯದ ಹುಡುಗರ ತಲೆ ಕೆಡಿಸುವ ಶಕ್ತಿ ಈ ಹೂವಿಗಿದೆ ಎಂಬುದು ಇವತ್ತಿನ ವೈದ್ಯರೆಲ್ಲ ಹೇಳುವ ಮಾತು. 1894ರ ಕಮಿಷನ್ನಿಗೆ ಈಗಿನ ಕಡು ಮತ್ತಿನ ತಳಿಗಳೂ ಗೊತ್ತಿರಲಿಲ್ಲ. 2018ರಲ್ಲಿ ಉತ್ತರಾಖಂಡ ಮತ್ತಿಲ್ಲದ ತಳಿಯನ್ನು ನಾರಿಗಾಗಿ ಬೆಳೆಯಲು ಲೈಸೆನ್ಸ್ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆದಾಗ ಭಾರತವೂ ತೆಗೆಯಿರಿ ಎಂದೇ ಮತ ಹಾಕಿತು. ಬಾಗಿಲು ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕು ಎಂಬ ಚರ್ಚೆ ಇನ್ನೂ ನಡೆಯಲಿ.

ನನ್ನ ಮಾತು ಬಾಗಿಲು ಮುಚ್ಚಿದ್ದರ ಖರ್ಚಿನ ಬಗ್ಗೆ. ಗಿಡ ಹೊಲದಿಂದ ತೊಗರಿ ಸಾಲಿಗೆ, ತೊಗರಿ ಸಾಲಿನಿಂದ ಕೋಣೆಗೆ ಹೋದಂತೆಲ್ಲ ಮತ್ತು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಪ್ರೇನ್ ಬರೆದಿಟ್ಟಂಥ ತಿಳಿವಳಿಕೆ ಕತ್ತಲಿಗೆ ಸರಿಯಿತು. ಆ ಖರ್ಚನ್ನು ಕಟ್ಟುತ್ತಿರುವವರು ಯಾರು? ನಾಲ್ಕು ಗಿಡಕ್ಕೆ ಹತ್ತು ವರ್ಷದ ಭಯದಲ್ಲಿ ಕೋರ್ಟಿಗೆ ಅಲೆಯುವ ಸಣ್ಣ ಹಿಡುವಳಿಯವನು, ಗಡಿಯ ಕತ್ತಲಲ್ಲಿ ಪೆಟ್ಟು ತಿಂದ ಕಮಲಾಪುರದ ಅಧಿಕಾರಿ, ಏನು ಸಿಂಪಡಿಸಿದ್ದೆಂದು ತಿಳಿಯದೆ ಹೊಗೆ ಎಳೆಯುವ ಕಾಲೇಜು ಹುಡುಗ. ಕಾಯಿಕೊರಕದ ವಿಷಯದಲ್ಲಿ ನಮ್ಮ ಜಿಲ್ಲೆ ಕಲಿತ ಪಾಠ ದೊಡ್ಡದು: ಹುಳ ಎಲ್ಲಿದೆ ಎಂದು ಎಲ್ಲರೂ ಬಯಲಲ್ಲಿ ನಿಂತು ಮಾತಾಡಿದಾಗಲೇ ಗಿಡ ಅಲುಗಾಡಿಸುವ ಉಪಾಯ ನೆನಪಾದದ್ದು. ಗಾಂಜಾದ ವಿಷಯದಲ್ಲಿ ಅಂಥ ಮಾತು ಕಲಬುರಗಿಯಲ್ಲಿ ಇನ್ನೂ ಶುರುವೇ ಆಗಿಲ್ಲ. 1193 ಜನರನ್ನು ಕೇಳುವಷ್ಟು ತಾಳ್ಮೆ ನೂರಮೂವತ್ತು ವರ್ಷದ ಹಿಂದೆ ಇತ್ತು. ಈಗ ಕಾಳಗಿಯ ತಾಂಡಾದವರನ್ನು, ಕಮಲಾಪುರದ ಪೊಲೀಸರನ್ನು, ತಿಂಥಣಿಯ ಸಾಧಕರನ್ನು ಒಂದು ಕಡೆ ಕೂರಿಸಿ ಕೇಳಲು ಅಡ್ಡಿ ಏನು?

ಬೀದರ, ಯಾದಗಿರಿ, ರಾಯಚೂರು ಕಡೆಯ ಗೆಳೆಯರೇ, ನಿಮ್ಮೂರ ಹಿರಿಯರಿಗೆ ಅಬಕಾರಿ ಲೈಸೆನ್ಸಿನ ಕಾಲದ ನೆನಪುಗಳಿದ್ದರೆ ಕೇಳಿ ಬರೆದಿಡಿ. ಆ ತಲೆಮಾರು ಹೋದರೆ ನಮಗೆ ಉಳಿಯುವುದು ಎಫ್‌ಐಆರ್‌ಗಳಲ್ಲಿರುವ ಚರಿತ್ರೆ ಮಾತ್ರ.